ಅತ್ತೆ ಮತ್ತು ಮಲಕ್‌ಪೇಟೆಯ ಕುದುರೆಗಳು

ಮದುವೆಯಾಗಿ ಗದಗಿನಿಂದ ಹೈದರಾಬಾದಿಗೆ ಬಂದ ಹೊಸತರಲ್ಲಿ ಅತ್ತೆಯವರ ಜೊತೆ ಏನು ಮಾತಾಡಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಅವರು ಸಿಟ್ಟಿನ ಹೆಂಗಸಲ್ಲ. ಮಾತು ಕಡಿಮೆ, ಅಷ್ಟೆ. ಮಾವನವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಮಲಕ್‌ಪೇಟೆಯಲ್ಲಿ, ಕೊನೆಗೆ ಗೋಡೆ ಅಡ್ಡವಿದ್ದ ಒಂದು ಮೊಂಡ ಓಣಿಯ ಬಾಡಿಗೆ ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಬೆಳಿಗ್ಗೆ ಫ್ಯಾಕ್ಟರಿಯ ಬಸ್ಸು ಹಿಡಿದು ಊರಿನ ಆ ತುದಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅಷ್ಟು ಹೊತ್ತೂ ಮನೆಯಲ್ಲಿ ನಾವಿಬ್ಬರು ಹೆಂಗಸರು. "ಪಲ್ಯಕ್ಕ ಉಪ್ಪು ಸಾಕೇನ್ರಿ?" ಎಂದು ನಾನು ಕೇಳುತ್ತಿದ್ದೆ. "ಸಾಕು" ಎಂದು ಅವರು ಹೇಳುತ್ತಿದ್ದರು. ಮುಂದಿನ ಮಾತು ಸಂಜೆಯ ಚಹಾಕ್ಕೆ.

ಸೋಮವಾರ ಮಾತ್ರ ಅವರು ಮೂಸಿ ನದಿ ದಾಟಿ ಒಂದು ಈಶ್ವರನ ಗುಡಿಗೆ ಹೋಗುತ್ತಿದ್ದರು. ಬಸ್ಸಿನ ನೂಕಾಟ ಅವರಿಗೆ ಆಗದು. ಸೈಕಲ್ ರಿಕ್ಷಾದವನು ಏದುಸಿರು ಬಿಡುತ್ತ ತುಳಿಯುವುದನ್ನು ನೋಡಿಕೊಂಡು ಹಿಂದೆ ಕೂರಲು ಮನಸ್ಸು ಬಾರದು. ರೈಲು ಸ್ಟೇಷನ್ನಿನ ಹತ್ತಿರ ಆಗಿನ್ನೂ ಟಾಂಗಾಗಳು ನಿಲ್ಲುತ್ತಿದ್ದವು. ಒಂದು ಸೋಮವಾರ, "ನೀನೂ ಬರ್ತೀಯೇನು?" ಎಂದು ಕೇಳಿದರು. ಬರುತ್ತೇನೆ ಎಂದೆ.

ಟಾಂಗಾ ನನಗೇನೂ ಹೊಸದಲ್ಲ. ನಮ್ಮೂರಲ್ಲಿ ಎಷ್ಟೋ ಸಲ ಹತ್ತಿದ್ದೆ, ಇಳಿದಿದ್ದೆ. ಆದರೆ ಎಳೆಯುವ ಕುದುರೆಯ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಗೊತ್ತಾದದ್ದು ಅವತ್ತು. ಸಾಲಿನಲ್ಲಿ ಮೊದಲು ನಿಂತಿದ್ದ ಟಾಂಗಾ ಚೆಂದ ಇತ್ತು. ಹಿತ್ತಾಳೆಯ ದೀಪ, ಕೆಂಪು ರೆಕ್ಸಿನ್ ಗಾದಿ. ನಾನು ಅದರ ಕಡೆ ಹೊರಟೆ. ಅತ್ತೆ ಮಾತ್ರ ಬದಿಗೆ ಸರಿದು ನಿಂತು, ಒಂದೊಂದೇ ಕುದುರೆಯನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋದರು. ಕೊನೆಗೆ, ಗಾದಿ ಹರಿದು ನಾರು ಹೊರಬಂದಿದ್ದ ಒಂದು ಟಾಂಗಾದ ಹತ್ತಿರ ನಿಂತು, "ಇದರಾಗ ಹೋಗೂಣು" ಎಂದರು. ಅದರ ಮುದುಕ ಸಾರಥಿ ನನ್ನ ಮುಖ ನೋಡಿ ನಕ್ಕ. "ಅಮ್ಮಾ ಗಾಡಿ ನೈ ದೇಖ್ತೇ, ಘೋಡಾ ದೇಖ್ತೇ" ಎಂದ. ಗಾಡಿ ನೋಡುವುದಿಲ್ಲ ಇವರು, ಕುದುರೆ ನೋಡುತ್ತಾರೆ ಅಂತ.

ನನ್ನ ಕೈಯಲ್ಲಿ ನೈವೇದ್ಯದ ಬಾಳೆಹಣ್ಣು ಇದ್ದವು. ಪಕ್ಕದ ಟಾಂಗಾದ ಕುದುರೆ ಎಲುಬು ಕಾಣುವಷ್ಟು ಬಡಕಲಾಗಿತ್ತು. ಪಾಪ ಅನ್ನಿಸಿ, ಒಂದು ಹಣ್ಣು ಮುರಿದುಕೊಂಡು ಗಾಲಿಯನ್ನು ಸುತ್ತಿಕೊಂಡು ಅದರ ಹಿಂದಿನಿಂದ ಹೋದೆ. ಇನ್ನೇನು ಅದರ ತೊಡೆಯ ಹತ್ತಿರ ಬಂದಿದ್ದೆ, ಅತ್ತೆ ನನ್ನ ತೋಳು ಹಿಡಿದು ಎಷ್ಟು ಜೋರಾಗಿ ಜಗ್ಗಿದರೆಂದರೆ ಎರಡು ಹಸಿರು ಬಳೆ ಒಡೆದು ಕೆಳಗೆ ಬಿದ್ದವು. ಅದೇ ಕ್ಷಣ ಆ ಕುದುರೆಯ ಹಿಂಗಾಲು ಗಾಳಿಯಲ್ಲಿ ಹಾರಿ ಗಾಡಿಯ ಮರಕ್ಕೆ ಬಡಿಯಿತು.

ಮದುವೆಯಾದ ಮೇಲೆ ಅತ್ತೆ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಹಿಡಿದ ತೋಳನ್ನು ಅವರು ಬಿಡಲಿಲ್ಲ.

"ಹಿಂದಿನಿಂದ ಹೋಗಬ್ಯಾಡ" ಎಂದರು, ದನಿ ಏರಿಸದೆ. "ಅದಕ್ಕ ತನ್ನ ಬೆನ್ನ ಹಿಂದ ಏನೈತಿ ಅಂತ ಕಾಣಂಗಿಲ್ಲ. ನೀ ಬಾಳೆಹಣ್ಣು ತಂದಿ ಅಂತ ಅದಕ್ಕೇನು ಗೊತ್ತು? ಯಾರೋ ಬಂದ್ರು ಅಂತ ಅಷ್ಟ ಗೊತ್ತು."

"ಬಡಕಲು ಐತಲ್ರಿ, ಪಾಪ ಅನ್ನಿಸ್ತು."

"ಪಾಪದ್ದು ಒದೀಬಾರದು ಅಂತ ಎಲ್ಲೈತಿ? ಕಿವಿ ನೋಡಲ್ಲೆ."

ನೋಡಿದೆ. ಎರಡೂ ಕಿವಿ ಹಿಂದಕ್ಕೆ ಮಡಚಿ ತಲೆಗೆ ಅಂಟಿಕೊಂಡಿದ್ದವು. ಮೂಗಿನ ಹೊಳ್ಳೆಯ ಮೇಲೆ ಸುಕ್ಕು ಬಿದ್ದಿತ್ತು. ನೊಣ ಇಲ್ಲದಿದ್ದರೂ ಬಾಲ ಚಟ್ ಚಟ್ ಎಂದು ಅತ್ತಿತ್ತ ಹೊಡೆಯುತ್ತಿತ್ತು. ನಾನು ಬರುವ ಮೊದಲೂ ಅದು ಹಾಗೇ ನಿಂತಿದ್ದಿರಬೇಕು. ಎಲುಬು ಮಾತ್ರ ನನಗೆ ಕಂಡಿತ್ತು.

ಗುಡಿಯಿಂದ ಬರುವಾಗ ಅತ್ತೆ ಒಬ್ಬ ಬಳೆಗಾರನ ಅಂಗಡಿಯ ಮುಂದೆ ಟಾಂಗಾ ನಿಲ್ಲಿಸಿ, ನನ್ನ ಬಳೆ ಒಡೆದ ಕೈಗೆ ಬಳೆ ಇಡಿಸಿದರು. ಬಣ್ಣ ಅವರೇ ಆರಿಸಿದರು.

ಆಮೇಲೆ ಪ್ರತಿ ಸೋಮವಾರ ನಾನೂ ಹೋಗತೊಡಗಿದೆ. ಟಾಂಗಾ ಸ್ಟ್ಯಾಂಡಿನಲ್ಲಿ ಅತ್ತೆ ನನ್ನನ್ನೇ ಮುಂದೆ ಬಿಟ್ಟು, "ಯಾವದು?" ಎಂದು ಕೇಳುವರು. ನಾನು ತೋರಿಸಿದ್ದು ಸರಿಯಿದ್ದರೆ ಹತ್ತುವರು. ತಪ್ಪಿದ್ದರೆ ಯಾಕೆ ಬೇಡ ಅಂತ ಹೇಳುವರು. ಒಂದು ಹಿಂಗಾಲು ಮಡಚಿ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರಿ ನಿಂತಿದ್ದರೆ ಕುದುರೆ ದಣಿವಾರಿಸಿಕೊಳ್ಳುತ್ತಿದೆ. ಕೆಳತುಟಿ ಜೋತುಬಿದ್ದು ಕಿವಿಗಳು ಎರಡು ಬದಿಗೆ ಸಡಿಲಾಗಿ ವಾಲಿದ್ದರೆ ನಿಂತಲ್ಲೇ ತೂಕಡಿಸುತ್ತಿದೆ. ತೂಕಡಿಸುವ ಕುದುರೆಯ ಹತ್ತಿರವೂ ಹುಷಾರಾಗಿರಬೇಕು, ಏಕೆಂದರೆ ಬೆಚ್ಚಿಬಿದ್ದರೆ ಅದಕ್ಕೆ ಎದುರಿಗಿರುವವರು ಯಾರೆಂದು ತಿಳಿಯುವುದಿಲ್ಲ. "ಮೊದಲ ದನಿ ಹೋಗಬೇಕು, ಆಮ್ಯಾಲ ನೀ ಹೋಗಬೇಕು" ಎನ್ನುತ್ತಿದ್ದರು. ಮುದುಕನನ್ನು ಕೇಳಿ, ಅವನು ಹೂಂ ಅಂದ ಮೇಲೆ, ಒಂದು ದಿನ ಅವನ ಹೆಣ್ಣು ಕುದುರೆಗೆ ಬೆಲ್ಲ ತಿನ್ನಿಸಲು ಕಲಿಸಿದರು. ನೇರ ಮೂತಿಯ ಮುಂದೆ ಅಲ್ಲ, ಹೆಗಲಿನ ಪಕ್ಕಕ್ಕೆ ಓರೆಯಾಗಿ ನಿಲ್ಲಬೇಕು. ಅಂಗೈ ಹಲಗೆಯ ಹಾಗೆ ಚಾಚಬೇಕು, ಹೆಬ್ಬೆರಳು ಒಳಗೆ. ಬಿಸಿ ಉಸಿರು, ಆಮೇಲೆ ಮುಳ್ಳುಮುಳ್ಳು ಕೂದಲಿನ ಮೆತ್ತನೆ ತುಟಿ ನನ್ನ ಅಂಗೈ ಮೇಲೆ ಓಡಾಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಅವರ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲವೆಂದು ನನಗೆ ಗೊತ್ತಾದದ್ದು ಆಗಲೇ.

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಲು ಧೈರ್ಯ ಬರುವ ಹೊತ್ತಿಗೆ ಚಳಿಗಾಲ ಬಂದಿತ್ತು. ಅಡುಗೆಮನೆಯಲ್ಲಿ ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಅವರು ಕೈ ನಿಲ್ಲಿಸಲಿಲ್ಲ.

"ನಮ್ಮಪ್ಪ ನಿಜಾಮರ ಕಾಲದಾಗ ಗಿರದಾವರ ಇದ್ದ" ಎಂದರು. "ಭಾಲ್ಕಿ ಕಡೆ ಹಳ್ಳಿ ಹಳ್ಳಿ ತಿರಗಿ ಬೆಳಿ ನೋಡಿ ಬರಬೇಕು. ಸರಕಾರದ್ದಲ್ಲ, ನಮ್ಮದ ಒಂದು ಕುದರಿ ಇತ್ತು. ಬೂದಿ ಬಣ್ಣದ ಹೆಣ್ಣು. ಅಪ್ಪ ಮಧ್ಯಾಹ್ನ ಮಲಗಿದಾಗ ನಾ ಅದನ್ನ ಹತ್ತಿ ಕೆರಿ ತನಕ ಹೋಗಿ ನೀರು ಕುಡಿಸಿಕೊಂಡು ಬರತಿದ್ದೆ. ಅಣ್ಣನ ಪೈಜಾಮ ಹಾಕ್ಕೊಂಡು."

"ಬಿದ್ದಿದ್ರೇನ್ರಿ ಒಮ್ಮೆರ?"

"ಬಿದ್ದೀನಿ. ಒದಿಸಿಕೊಂಡೀನಿ. ಅದಕ್ಕ ನಿನ್ನ ಅವತ್ತ ಜಗ್ಗಿದ್ದು." ಸೀರೆ ಸ್ವಲ್ಪ ಸರಿಸಿ ಮೊಣಕಾಲಿನ ಕೆಳಗೆ ಅರ್ಧಚಂದ್ರದಂಥ ಹಳೆಯ ಗಾಯದ ಗುರುತು ತೋರಿಸಿದರು. "ದೊಡ್ಡಾಕಿ ಆದ ಮ್ಯಾಲ ಹತ್ತಬ್ಯಾಡ ಅಂದ್ರು. ಆಮ್ಯಾಲ ಲಗ್ನ. ಇಲ್ಲಿ ಬಂದು ಬಿದ್ದೆ."

"ಮಾವನವ್ರಿಗೆ ಹೇಳಿದ್ರೇನು?"

ಅವರು ಒಂದು ರೊಟ್ಟಿ ಬಡಿದು ನನ್ನ ಕೈಗೆ ಕೊಡುವ ತನಕ ಯೋಚಿಸಿದರು. "ಅವರು ಕೇಳಲಿಲ್ಲ" ಎಂದರು. "ನೀನ ಕೇಳಿದಿ."

ಮರು ವರ್ಷ ನನಗೆ ಮಗಳು ಹುಟ್ಟಿದಳು. ಅತ್ತೆ ಅವಳನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಎಣ್ಣೆ ಹಚ್ಚಿ ಎರೆಯುವುದು, ತೊಟ್ಟಿಲು ತೂಗುವುದು, ಬಾಗಿಲ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಬರುವವರ ಹೋಗುವವರ ಕಥೆ ಹೇಳುವುದು, ಎಲ್ಲ ಅವರದೇ. ದಿಲ್‌ಸುಖ್‌ನಗರದ ಕಡೆ ಹೊಸ ಮನೆಗಳು ಏಳುತ್ತಿದ್ದವು, ರಸ್ತೆಯಲ್ಲಿ ಆಟೋಗಳು ತುಂಬಿಕೊಂಡವು. ಟಾಂಗಾ ಸ್ಟ್ಯಾಂಡು ಸಣ್ಣದಾಗುತ್ತ ಬಂತು. ಮುದುಕ ತನ್ನ ಕುದುರೆಯೊಂದಿಗೆ ಮಗಳ ಊರಿಗೆ ಹೋದ ಮೇಲೆ ಅತ್ತೆ ಗುಡಿಗೆ ಹೋಗುವುದನ್ನೂ ಕಡಿಮೆ ಮಾಡಿದರು. ಅದಕ್ಕೆ ಬೇರೆ ಕಾರಣವೂ ಇತ್ತೆಂದು ನನಗೆ ಆಗ ಹೊಳೆಯಲಿಲ್ಲ. ಸೂಜಿಗೆ ದಾರ ಪೋಣಿಸಲು, ಅಕ್ಕಿಯ ಕಲ್ಲು ಆರಿಸಲು ನನ್ನನ್ನು ಕರೆಯುತ್ತಿದ್ದರು. ವಯಸ್ಸಾಯಿತಲ್ಲ, ಸಹಜ ಎಂದುಕೊಂಡೆ.

ನಮ್ಮ ಓಣಿಯ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಒಬ್ಬರು ತಗಡಿನ ಶೆಡ್ಡು ಹಾಕಿ ಕೆಲವು ಕುದುರೆ ಕಟ್ಟಿದ್ದರು. ಸವಾರಿಯ ಕುದುರೆಗಳು, ನುಣ್ಣಗೆ ತಿಕ್ಕಿದ ಎತ್ತರದ ಮೈಯವು. ಒಂದು ಸಂಜೆ ಅಲ್ಲಿ ಲಾರಿಯಿಂದ ತಗಡು ಇಳಿಸುತ್ತಿದ್ದರು. ತಗಡಿನ ಕಟ್ಟು ಧಡ್ ಎಂದು ಬಿದ್ದ ಸದ್ದು ನಮ್ಮ ಮನೆಗೂ ಕೇಳಿಸಿತು. ನಾನು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ, ಅತ್ತೆ ಪಕ್ಕದಲ್ಲಿದ್ದರು. ಮಗಳಿಗೆ ಆಗ ಮೂರು ತುಂಬಿತ್ತು. ಓಣಿಯ ಮೊಂಡ ತುದಿಯಲ್ಲಿ, ಕೊನೆಯ ಮನೆಯ ಕಟ್ಟೆಯ ಕೆಳಗೆ ಕೂತು ಮಣ್ಣಿನಲ್ಲಿ ಆಡುತ್ತಿದ್ದಳು.

ಸದ್ದು ಕೇಳಿ ನಾನು ತಲೆ ಎತ್ತುವಷ್ಟರಲ್ಲಿ ಒಂದು ಕುದುರೆ ಹಗ್ಗ ಎಳೆದುಕೊಂಡು ಓಣಿಯೊಳಗೆ ನುಗ್ಗಿ, ನಮ್ಮ ಮುಂದಿನಿಂದಲೇ ಹೋಯಿತು. ಎದುರಿಗೆ ಗೋಡೆ ಕಂಡು ಗಕ್ಕನೆ ನಿಂತಿತು. ಸುತ್ತ ತಿರುಗಿತು. ಅದರ ಆಚೆ ಮಗಳು, ಈಚೆ ನಾವು.

ನಾನು ಎದ್ದು ಓಡಲು ಹೊರಟೆ. ಅತ್ತೆ ನನ್ನ ಸೆರಗು ಹಿಡಿದರು.

"ಓಡಬ್ಯಾಡ. ನೀ ಓಡಿದ್ರ ಅದೂ ಓಡತೈತಿ. ಕೂಸು ಎಲ್ಲೆ?"

"ಆ ತುದಿಗ್ರಿ. ಕಟ್ಟಿ ಕೆಳಗ."

"ಅಳಾಕತ್ತೈತೇನು?"

"ಇಲ್ಲ. ಕುದುರೀನ ನೋಡಾಕತ್ತಾಳ."

ಎದುರುಮನೆಯಾತ ಕೋಲು ಹಿಡಿದು ಹೊರಬಂದ. ಅತ್ತೆ ಅವನ ಕಡೆ ತಿರುಗಿ ತೆಲುಗಿನಲ್ಲಿ, "ವದ್ದು ಬಾಬೂ, ಲೋಪಲಿಕಿ ವೆಳ್ಳು" ಎಂದರು. ಬೇಡಪ್ಪಾ, ಒಳಗೆ ಹೋಗು ಅಂತ. ಅವರು ಹೇಳಿದ ರೀತಿಗೆ ಅವನು ಕೋಲು ಕೆಳಗಿಟ್ಟು ಒಳಗೆ ಹೋಗಿಬಿಟ್ಟ. ಆಮೇಲೆ ಅತ್ತೆ ನನ್ನನ್ನು ಓಣಿಯ ಒಂದು ಮಗ್ಗುಲಿಗೆ ಸರಿಸಿದರು. "ನಡು ದಾರಿ ಬಿಡು. ಹೋಗಾಕ ದಾರಿ ಐತಿ ಅಂತ ಅದಕ್ಕ ಕಾಣಬೇಕು. ಈಗ ಹೇಳು, ಕಿವಿ ಎಲ್ಲಿ ಅದಾವ?"

ಅವರು ನೇರವಾಗಿ ಕುದುರೆಯನ್ನೇ ನೋಡುತ್ತಿದ್ದರು. ನನ್ನನ್ನೇಕೆ ಕೇಳುತ್ತಿದ್ದಾರೆ ಎಂದು ಯೋಚಿಸುವಷ್ಟು ಹೊತ್ತು ಇರಲಿಲ್ಲ.

"ನೆಟ್ಟಗ ನಿಂತಾವ್ರಿ. ಎರಡೂ ಅತ್ತಿತ್ತ ತಿರಗಾಕತ್ತಾವ. ಕಣ್ಣಿನ ಬಿಳೀದು ಕಾಣಾಕತ್ತೈತಿ. ತಲಿ ಭಾಳ ಮ್ಯಾಲ ಐತಿ."

"ಹಿಂದ ಮಡಚಿಲ್ಲಲ್ಲ?"

"ಇಲ್ರಿ."

"ಅಂದ್ರ ಸಿಟ್ಟು ಬಂದಿಲ್ಲ, ಅಂಜೈತಿ ಅಷ್ಟ." ಅವರು ಕುದುರೆಗೆ ಎದುರಾಗಿ ನಿಲ್ಲಲಿಲ್ಲ, ಹೆಗಲು ತಿರುಗಿಸಿ ಓರೆಯಾಗಿ, ಕೈಗಳನ್ನು ಕೆಳಗೆ ಬಿಟ್ಟು ನಿಂತರು. ಮಗಳನ್ನು ತೊಟ್ಟಿಲಲ್ಲಿ ತೂಗುವಾಗಿನ ದನಿಯಲ್ಲಿ ಮಾತು ಶುರು ಮಾಡಿದರು. "ಏನಾತವ್ವ, ಅಂಜಿದೇನು, ಏನೂ ಇಲ್ಲ, ತಗಡು ಬಿತ್ತು ಅಷ್ಟ, ಯಾರೂ ಏನೂ ಮಾಡಂಗಿಲ್ಲ ನಿನಗ..." ಹೀಗೆ, ನಿಲ್ಲಿಸದೆ. ನಡುವೆಯೇ, ಅದೇ ದನಿಯಲ್ಲಿ ನನಗೆ, "ಒಂದು ಕಿವಿ ನನ್ನ ಕಡೆ ಬಂದ ಕೂಡಲೆ ಹೇಳು" ಎಂದರು.

ನಾನು ನೋಡುತ್ತಲೇ ನಿಂತೆ. ಜೀವನದಲ್ಲಿ ಇನ್ನಾವುದನ್ನೂ ನಾನು ಅಷ್ಟು ಗಮನವಿಟ್ಟು ನೋಡಿಲ್ಲ. ಕುದುರೆ ಗೊರಸು ಕುಟ್ಟಿತು, ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು. ಅದರ ಎಡಗಿವಿ ನಿಧಾನವಾಗಿ ತಿರುಗಿ ಅತ್ತೆಯ ಕಡೆ ನಿಂತಿತು.

"ಬಂತ್ರಿ. ಎಡಕಿಂದು."

"ಈಗ ಹೋಗು. ಆ ಕಡೆ ಗ್ವಾಡಿ ಹಿಡದು, ಹಿಂಗಾಲಿನಿಂದ ದೂರ. ಸುಮ್ಮ ಹೋಗಬ್ಯಾಡ, ಮಾತಾಡಿಕೋತ ಹೋಗು. ನೀ ಎಲ್ಲಿದ್ದಿ ಅಂತ ಅದಕ್ಕ ಗೊತ್ತಿರಬೇಕು. ನನಗೂ ಗೊತ್ತಿರಬೇಕು."

ಗೋಡೆಗೆ ಬೆನ್ನು ತಾಗಿಸಿಕೊಂಡು ಹೊರಟೆ. ಏನು ಮಾತಾಡುವುದೋ ತಿಳಿಯದೆ, ಕಂಡದ್ದನ್ನೇ ಹೇಳುತ್ತ ಹೋದೆ. "ಅತ್ತೀ, ಈಗ ನಾ ಬೇವಿನ ಗಿಡದ ಹತ್ರ ಇದೀನ್ರಿ. ಒಂದು ಕಿವಿ ನನ್ನ ಕಡೆ ಬಂತು. ಒಂದು ನಿಮ್ಮ ಕಡೆನ ಐತಿ. ಬಾಲ ಕೆಳಗ ಬಂತ್ರಿ. ಈಗ ಅದನ್ನ ದಾಟಿದೆ." ಕುದುರೆ ಕತ್ತು ತಿರುಗಿಸಿ ನನ್ನನ್ನು ನೋಡಿತು. ಅದರ ಮೈಯಿಂದ ಬೆವರಿನ ಬಿಸಿ ನನಗೆ ತಟ್ಟುತ್ತಿತ್ತು. ನಾನು ನಿಲ್ಲಲಿಲ್ಲ, ಬಿರುಸಾಗಿ ನಡೆಯಲೂ ಇಲ್ಲ. ಮಗಳ ಹತ್ತಿರ ಹೋಗಿ ಅವಳನ್ನು ಎತ್ತಿಕೊಂಡು, ಕಟ್ಟೆ ಹತ್ತಿ, ಆ ಮನೆಯವರು ತೆರೆದು ಹಿಡಿದ ಬಾಗಿಲೊಳಗೆ ಕಾಲಿಟ್ಟೆ. "ಬಂದೆನ್ರಿ, ಒಳಗ ಬಂದೆ" ಎಂದು ಕೂಗದೆ ಹೇಳುವುದು ಎಷ್ಟು ಕಷ್ಟವಾಗಿತ್ತು.

"ಕೂಸು?"

"ನನ್ನ ಸೊಂಟದ ಮ್ಯಾಲ ಐತ್ರಿ."

ಅತ್ತೆ ಕುದುರೆಯೊಡನೆ ಮಾತು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತಲೆ ತಗ್ಗಿಸಿತು, ನಾಲಿಗೆಯಿಂದ ತುಟಿ ಸವರಿಕೊಂಡಿತು, ಏನೂ ಇಲ್ಲದಿದ್ದರೂ ಅಗಿಯುವ ಹಾಗೆ ಬಾಯಾಡಿಸಿತು. ನಾನು ಕಿಟಕಿಯಿಂದ ಹೇಳಿದೆ. "ಹಂಗಾರ ಸಮಾಧಾನ ಆತು" ಎಂದರು. ಹಗ್ಗ ಅವರ ಕಾಲಿನ ಹತ್ತಿರವೇ ಬಿದ್ದಿತ್ತು. ಅವರು ಅದನ್ನು ಮುಟ್ಟಲಿಲ್ಲ. ಕುದುರೆಗಳನ್ನು ನೋಡಿಕೊಳ್ಳುವ ನಡುವಯಸ್ಸಿನ ಸಾಯೀಸ ಆಗ ಏದುಸಿರು ಬಿಡುತ್ತ ಓಣಿಯ ಬಾಯಿಗೆ ಬಂದ. ಅವನು ಬಕೇಟಿನಲ್ಲಿ ಹುರುಳಿ ಅಲುಗಾಡಿಸಿದ ಸದ್ದಿಗೆ ಕುದುರೆ ತಾನಾಗಿಯೇ ಅವನ ಕಡೆ ನಡೆದುಹೋಯಿತು. ಅವನು ಅತ್ತೆಗೆ ಕೈಮುಗಿದ. ದಿನಾ ಬೆಳಿಗ್ಗೆ ಓಣಿಯಾಚೆಯ ಬೀದಿಯಲ್ಲಿ ಅದನ್ನು ಅಡ್ಡಾಡಿಸುತ್ತೇನೆ, ಒಳ್ಳೆ ಗುಣದ ಕುದುರೆ, ಅಂಜುಬುರುಕಿ ಅಷ್ಟೆ ಎಂದು ಹೇಳಿ ಹೋದ.

ನಾನು ಮಗಳೊಂದಿಗೆ ಬಂದಾಗ ಅತ್ತೆ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಮಗಳನ್ನು ಮಡಿಲಿಗೆ ಎಳೆದುಕೊಂಡು ಅವಳ ತಲೆ, ಬೆನ್ನು, ಕೈಕಾಲು ಎಲ್ಲ ಸವರಿ ನೋಡಿದರು. ಆಮೇಲೆ ಕೇಳಿದರು: "ಬಣ್ಣ ಯಾವದಿತ್ತು?"

"ಯಾವದರದು?"

"ಕುದರೀದು."

ನಾನು ಅವರ ಮುಖ ನೋಡಿದೆ. ಸಂಜೆಯ ಬಿಸಿಲು ಅವರ ಕಣ್ಣಿನ ಮೇಲೆ ಬೀಳುತ್ತಿತ್ತು. ಕಪ್ಪಾಗಿರಬೇಕಾದ ನಡುಭಾಗ ಹಾಲು ಬೆರೆಸಿದ ನೀರಿನ ಹಾಗಿತ್ತು.

"ಅತ್ತೀ, ನಿಮಗ ಕಾಣಾಕತ್ತಿದ್ದಿಲ್ಲೇನ್ರಿ?"

"ಏನೋ ದೊಡ್ಡದು ಅಲ್ಲಾಡಾಕತ್ತೈತಿ ಅಂತ ಕಾಣತಿತ್ತು. ಗೊರಸಿನ ಸಪ್ಪಳ ಇತ್ತು. ಉಳಿದದ್ದು ನೀ ಹೇಳಿದ್ಯಲ್ಲ."

"ಮೊದಲ ಯಾಕ ಹೇಳಲಿಲ್ಲ ನೀವು?"

ಅವರು ಮಗಳ ಕೂದಲಲ್ಲಿದ್ದ ಮಣ್ಣು ಬಿಡಿಸತೊಡಗಿದರು. "ಕಣ್ಣು ಕಾಣಂಗಿಲ್ಲ ಅಂದ್ರ ಕೂಸಿನ್ನ ನನ್ನ ಕೈಯಾಗ ಕೊಡೂದು ಬಿಡತೀರಿ ಅಂತ" ಎಂದರು.

ಪಕ್ಕದಲ್ಲಿ ಕೂತೆ. ಅರ್ಧ ಸೋಸಿದ ಸೊಪ್ಪು ಅಂಗಳದ ತುಂಬ ಚೆಲ್ಲಿತ್ತು. ಕೂತುಕೊಂಡು ಕುದುರೆಯ ಬಣ್ಣ ಹೇಳತೊಡಗಿದೆ. ಕಂದು ಬಣ್ಣ, ಹೊಸ ಹುಣಸೆಹಣ್ಣಿನ ಹಾಗೆ. ಹಣೆಯ ಮೇಲೆ ಬಿಳಿ ಚುಕ್ಕೆ, ಒಂದು ಹಿಂಗಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಪಟ್ಟೆ. ಕತ್ತಿನ ಜೂಲು ಕಪ್ಪು. ಅವರು ಕೇಳುತ್ತಲೇ ಹೋದರು. ಕುತ್ತಿಗೆ ಹೇಗಿತ್ತು, ಎದೆ ಅಗಲವೋ ಸಣ್ಣದೋ, ಗೊರಸು ಕಪ್ಪೋ ಬಿಳಿಯೋ. ನನ್ನ ಗಂಡ ಕೆಲಸದಿಂದ ಬಂದಾಗ ನಾವಿನ್ನೂ ಅಲ್ಲೇ ಇದ್ದೆವು, ಒಲೆ ಹಚ್ಚಿರಲಿಲ್ಲ.

ಗಂಡನಿಗೆ ನಾನೇ ಎಲ್ಲ ಹೇಳಿದೆ. ಬೈಯಬೇಡಿರೆಂದೂ ಹೇಳಿದೆ. ಬೈಯಲಿಲ್ಲ, ತಾಯಿಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಆ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಆಪರೇಷನ್ ಅಲ್ಲ ಅದು. ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದೆ ಮಲಗಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ, ವಾರ್ಡಿನಲ್ಲಿ ಯಾರು ಬಂದರು, ಯಾರು ಹೋದರು ಎಂದು ಹೇಳುತ್ತಿದ್ದೆ. ಸಂಜೆ ಮಗಳು ಬಂದಾಗ ಅವಳನ್ನು ಹಾಸಿಗೆಯ ಮೇಲೆ, ಅವರ ತೋಳಿನೊಳಗೇ ಕೂಡಿಸುತ್ತಿದ್ದೆ. ನರ್ಸಮ್ಮ ಬೇಡ ಅಂದರೂ.

ಕನ್ನಡಕ ಬರಲು ಇನ್ನೂ ಕೆಲವು ವಾರ ಹಿಡಿಯಿತು. ಬಾಟಲಿಯ ತಳದಂಥ ದಪ್ಪ ಗಾಜು. ಹಾಕಿಕೊಂಡ ಮೊದಲ ದಿನ ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ ಕಾಲು ತಡವರಿಸುತ್ತಿದ್ದರು. ಲೋಟ ಹಿಡಿಯಲು ಹೋದರೆ ಕೈ ಮುಂಚೆಯೇ ಮುಚ್ಚಿಕೊಳ್ಳುತ್ತಿತ್ತು. ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ, ರೂಢಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮರುದಿನ ಬೆಳಿಗ್ಗೆ ಅತ್ತೆಯೇ, "ಬೀದಿ ತನಕ ಹೋಗಿ ಬರೂಣು ಬಾ" ಎಂದರು. ಮಗಳನ್ನು ಅವರೇ ಎತ್ತಿಕೊಂಡರು. ನಾನು ಅವರ ಮೊಣಕೈ ಹಿಡಿದುಕೊಂಡೆ.

ಬೀದಿಯ ಬದಿಯಲ್ಲಿ ನಿಂತೆವು. ಹಾಲಿನವನು ಹೋದ, ಇರಾನಿ ಹೋಟೆಲಿನ ಮುಂದೆ ಕುರ್ಚಿ ಹಾಕುತ್ತಿದ್ದರು. ಆಮೇಲೆ ದೂರದಿಂದ ಗೊರಸಿನ ಸದ್ದು ಬಂತು. ಸಾಯೀಸ ಅದೇ ಕುದುರೆಯನ್ನು ಹಗ್ಗ ಹಿಡಿದು ನಡೆಸಿಕೊಂಡು ಬರುತ್ತಿದ್ದ. ನಮ್ಮನ್ನು ಗುರುತಿಸಿ, ಸ್ವಲ್ಪ ದೂರದಲ್ಲಿ ನಿಲ್ಲಿಸಿದ. ಕುದುರೆ ಎರಡೂ ಕಿವಿ ಮುಂದೆ ಮಾಡಿ ನಮ್ಮನ್ನು ನೋಡಿತು. ಅತ್ತೆಯೂ ನೋಡಿದರು, ಗೊರಸಿನಿಂದ ಹಣೆಯ ಚುಕ್ಕೆಯವರೆಗೆ, ನಿಧಾನವಾಗಿ. ಕನ್ನಡಕದ ಹಿಂದೆ ಅವರ ಕಣ್ಣು ನಮಗೂ ಬಹಳ ದೊಡ್ಡದಾಗಿ ಕಾಣುತ್ತಿದ್ದವು.

"ಎಷ್ಟು ದೊಡ್ಡದು ಕಾಣಾಕತ್ತೈತಿ" ಎಂದರು.

"ಕನ್ನಡಕದ್ದು ಅದು, ಅತ್ತೀ. ಡಾಕ್ಟರು ಹೇಳಿದ್ರಲ್ಲ."

"ಇರಲಿ ಬಿಡು" ಎಂದರು ಅವರು. "ಸಣ್ಣಾಕಿ ಇದ್ದಾಗ ಕುದುರಿ ಇಷ್ಟ ದೊಡ್ಡದು ಕಾಣತಿತ್ತು ನನಗ."